ಗುಂಡುಕಲ್ಲು ಮಲಗಿದ ತೊಟ್ಟಿಲು

“ಗುರುಗಳೇ, ಮಠಕ್ಕೊಂದು ಬೆಲ್ಟ್ ಸ್ಯಾಂಡರ್ ಕೊಳ್ಳೋಣವೆಂದಿದ್ದೇನೆ. ವರ್ಷಕ್ಕೆ ಎರಡು ಮೂರು ಸಲ ಬೇಕಾಗುತ್ತದೆ, ಅಷ್ಟೆ. ಬೆಲೆ ಕೈಗೆಟುಕಬೇಕು, ಹತ್ತು ವರ್ಷ ಬಾಳಿಕೆ ಬರಬೇಕು. ಯಾವುದನ್ನು ತರಲಿ?”

ಕೇಳಿದವನು ಶಿಷ್ಯ ಮುರಿಗೆಯ್ಯ. ಮಠದ ಸಣ್ಣಪುಟ್ಟ ಮರಗೆಲಸವೆಲ್ಲ ಅವನದೇ. ಪುಸ್ತಕಗಳಿರುವ ಅಟ್ಟಕ್ಕೆ ಹತ್ತುವ ಮರದ ಏಣಿಯಲ್ಲಿ ಸಿಬಿರು ಎದ್ದಿತ್ತು. ಗುರುಗಳು ದಿನವೂ ಸಂಜೆ ಬರಿಗಾಲಲ್ಲಿ ಅದನ್ನು ಹತ್ತುವವರು. ಎಪ್ಪತ್ತು ದಾಟಿದ ಅಂಗಾಲಿಗೆ ಚುಚ್ಚಬಾರದೆಂದು ಮುರಿಗೆಯ್ಯ ಪೇಟೆಯ ಬಡಗಿಯೊಬ್ಬನಿಂದ ಬೆಲ್ಟ್ ಸ್ಯಾಂಡರನ್ನು ಒಂದು ದಿನಕ್ಕೆ ಕೇಳಿ ತಂದಿದ್ದ. ಉಪ್ಪುಕಾಗದದ ಪಟ್ಟಿಯೊಂದು ಗರಗರ ತಿರುಗಿ ಮರವನ್ನು ಉಜ್ಜುವ ಕೈಯಂತ್ರ ಅದು. ನಿನ್ನೆ ಏಣಿಯನ್ನು ಉಜ್ಜಿ ಮುಗಿಸಿ ಇಂದು ಬೆಳಿಗ್ಗೆ ಯಂತ್ರವನ್ನು ಹಿಂದಿರುಗಿಸಿದ್ದ. ಏಣಿ ಹೊಸದರಂತೆ ಹೊಳೆಯುತ್ತಿತ್ತು.

ಗುರುಗಳು ಏಣಿಯನ್ನು ನೋಡಿದರು. ಆಮೇಲೆ ಮುರಿಗೆಯ್ಯನ ಕೈ ನೋಡಿದರು. ಅವನ ಉಗುರುಗಳ ಸಂದಿಯಲ್ಲಿ ಏನೋ ಬೆಳ್ಳಗೆ ಒಣಗಿತ್ತು. ಅವನು ಕೈಗಳನ್ನು ಶಲ್ಯದೊಳಗೆ ಸೇರಿಸಿಕೊಂಡ.

“ಯಾವುದನ್ನು ತರಬೇಕೆಂದು ಒಬ್ಬ ವ್ಯಾಪಾರಿ ನನಗಿಂತ ಚೆನ್ನಾಗಿ ಹೇಳಿದ್ದಾನೆ. ಕತೆಯಲ್ಲಿ ಅದೂ ಬರುತ್ತದೆ. ಕೂತುಕೋ ತಮ್ಮಾ,” ಎಂದರು ಗುರುಗಳು. ಹಾಗೆಂದು ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ನೀರುಗಂಟಿ ಇದ್ದ. ಹೆಸರು ಚನವೀರಪ್ಪ ಎಂದಿಟ್ಟುಕೋ. ನಿಜವಾದ ಹೆಸರು ಕಟ್ಟಿಕೊಂಡು ನಿನಗೇನಾಗಬೇಕು? ಊರ ಟ್ಯಾಂಕಿನ ನೀರು ಬಿಡುವುದು, ನಿಲ್ಲಿಸುವುದು ಅವನ ಕೆಲಸ. ನೀರು ನಿಲ್ಲಿಸಿ ಮನೆಯ ಬಾಗಿಲತನಕ ಬಂದವನು ನಿಲ್ಲಿಸಿದೆನೋ ಇಲ್ಲವೋ ಎಂದು ತಿರುಗಿ ಹೋಗಿ ನೋಡಿ ಬರುತ್ತಿದ್ದ. ಊಟಕ್ಕೆ ಕೂತವನು ತುತ್ತು ಬಿಟ್ಟು ಇನ್ನೊಮ್ಮೆ ಹೋಗುತ್ತಿದ್ದ. ಹಗ್ಗ ಕಂಡು ಹಾವು ಎನ್ನುವವರನ್ನು ನೋಡಿದ್ದೇನೆ; ಈ ಪುಣ್ಯಾತ್ಮ ಹಗ್ಗವೇ ಇಲ್ಲದ ಕಡೆ ಹಾವು ಹುಡುಕುವವನು. ನಗಬೇಡ. ಅವನ ಭಯಕ್ಕೆ ಬೇರು ಇತ್ತು.

ಅವನ ಮನೆಯಲ್ಲಿ ಸಾಗುವಾನಿಯ ತೊಟ್ಟಿಲೊಂದಿತ್ತು. ಅಜ್ಜ ಮಾಡಿಸಿದ್ದು. ಚನವೀರಪ್ಪನ ಮಗಳು ಸುಮಂಗಲಾ ಮೂರು ತಿಂಗಳ ಕೂಸಾಗಿದ್ದಾಗ ಆ ತೊಟ್ಟಿಲ ತಳದ ಹಲಗೆಯಿಂದ ಸಿಬಿರೊಂದು ಎದ್ದು ಅವಳ ಹಿಮ್ಮಡಿಗೆ ಹೊಕ್ಕಿತು. ಕೂಸು ಅತ್ತಿತು. ಹಸಿವೆ ಎಂದುಕೊಂಡರು. ಕಾಲು ಬಾತು ಕೀವಾಯಿತು, ಜ್ವರ ನೆತ್ತಿಗೇರಿತು. ಒಂಬತ್ತು ದಿನ ಗಂಡಹೆಂಡತಿ ಆಸ್ಪತ್ರೆಯ ಜಗಲಿಯಲ್ಲಿ ಕೂತರು. ಹಲಗೆ ಒರಟಾಗಿದೆ, ಉಜ್ಜೋ ಎಂದು ಅವನ ಅಪ್ಪ ಮೊದಲೇ ಹೇಳಿದ್ದ. ನಾಳೆ, ನಾಡಿದ್ದು ಎಂದು ತಳ್ಳಿದವನು ಚನವೀರಪ್ಪನೇ. ಕೂಸು ಉಳಿಯಿತು. ಆದರೆ ಆ ಜಗಲಿಯಲ್ಲಿ ಹೆಂಡತಿ ಒಂದು ಮಾತು ಅಂದಿದ್ದಳು: “ನಿಮ್ಮ ಕೈಯಾರೆ ಆತು.” ಮತ್ತೆ ಯಾವತ್ತೂ ಅವಳು ಆ ಮಾತು ಆಡಲಿಲ್ಲ. ಅವನು ಮರೆಯಲೂ ಇಲ್ಲ.

ಇಪ್ಪತ್ತೇಳು ವರ್ಷ ಕಳೆಯಿತು. ಸುಮಂಗಲಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಅಂದಿನಿಂದ ಅಟ್ಟದಲ್ಲೇ ಬಿದ್ದಿದ್ದ ತೊಟ್ಟಿಲನ್ನು ಇಳಿಸಿ ಧೂಳು ಒರೆಸಿದರು. ಚನವೀರಪ್ಪ ತಳದ ಹಲಗೆಯ ಮೇಲೆ ಅಂಗೈ ಆಡಿಸಿದ. ಅದೇ ಒರಟು.

ಓಣಿಯ ಬಡಗಿ ಬಂದು ನೋಡಿದ. “ಇದಕ್ಕ ಉಪ್ಪುಕಾಗದ ಸಾಕ್ರಿ. ಕೈಲೆ ತಿಕ್ಕಿದ್ರ ಒಂದ ಮಧ್ಯಾಹ್ನದ ಕೆಲಸ,” ಎಂದ.

ಕೈ ಎಂದ ಕೂಡಲೇ ಚನವೀರಪ್ಪ ತನ್ನ ಅಂಗೈ ನೋಡಿಕೊಂಡ. ಕೈ ಎಲ್ಲೋ ಒಂದು ಕಡೆ ತಪ್ಪಿಸೀತು. ಒಂದು ಸಿಬಿರು ಉಳಿದೀತು. ಕೂಸಿಗೆ ಒಂದೇ ಸಾಕಲ್ಲ! ಕೈಯನ್ನು ನಂಬಿ ಕೆಡುವುದಕ್ಕಿಂತ ಯಂತ್ರವೇ ಆಗಬೇಕೆಂದು ಹಟ ಹಿಡಿದ.

ಪೇಟೆಯ ಅಂಗಡಿಗೆ ಹೋದ. ಅಗ್ಗದ ಯಂತ್ರ ಕೈಗೆತ್ತಿಕೊಂಡರೆ ಕರೆಂಟು ಹೊಡೆದೀತು ಎಂಬ ಭಯ. ದುಬಾರಿಯದನ್ನು ಎತ್ತಿಕೊಂಡರೆ ಕೈಯಿಂದ ಕಿತ್ತುಕೊಂಡು ಓಡೀತು ಎಂಬ ಭಯ. ನಾಳೆ ಬರುತ್ತೇನೆ ಎಂದು ಎದ್ದು ಬಂದ. ಏಳನೆಯ ತಿಂಗಳಲ್ಲಿ ಆರಿಸಲು ಶುರುಮಾಡಿದವನು ಮಗಳಿಗೆ ಒಂಬತ್ತು ತುಂಬಿದರೂ ಆರಿಸುತ್ತಲೇ ಇದ್ದ. ಹನ್ನೊಂದನೆಯ ಸಲ ಅಂಗಡಿಯ ಮೆಟ್ಟಿಲು ಹತ್ತಿದಾಗ ವ್ಯಾಪಾರಿಗೆ ಸಾಕುಸಾಕಾಗಿತ್ತು. ಅವನು ಎರಡೂ ಕೈ ಜೋಡಿಸಿದ.

“ಕೇಳ್ರಿ ಚನವೀರಪ್ಪನವರ. ಅಗ್ಗದ್ದು ಬ್ಯಾಡ, ಪಟ್ಟಿ ಜಾರತದ, ಮೋಟರ್ ಸುಡತದ. ಕಾರ್ಖಾನಿದೂ ಬ್ಯಾಡ, ವರ್ಷಕ್ಕ ಎರಡ ಸಲ ಹಿಡಿಯಾವ್ರು ಆನಿ ಯಾಕ ಸಾಕಬೇಕು? ಈ ನಡುವಿನದು ಒಯ್ರಿ. ಎರಡೂ ಕೈಗೆ ಹಿಡಿತ ಸಿಗತದ. ವೇಗ ತಗ್ಗಿಸೋ ಗುಂಡಿ ಅದ. ಪಟ್ಟಿ ನಮ್ಮ ಊರಾಗೇ ಸಿಗತಾವ, ಕೆಟ್ರ ಬಿಚ್ಚಿ ಜೋಡಿಸಾವ ಬಾಜೂ ಓಣ್ಯಾಗ ಇದ್ದಾನ. ಒಂದ ಮಾತು ನೆನಪಿಡ್ರಿ. ಒತ್ತಬ್ಯಾಡ್ರಿ, ಒಂದ ಕಡೆ ನಿಲ್ಲಿಸಬ್ಯಾಡ್ರಿ. ಅದರ ಭಾರನ ಸಾಕು.”

ಬಂಗಾರದಂಥ ಮಾತು. ಯಂತ್ರವೂ ಒಳ್ಳೆಯದೇ. ನೀನು ಕೇಳಿದ್ದಕ್ಕೆ ಉತ್ತರ ಇಲ್ಲಿಗೆ ಮುಗಿಯಿತು ತಮ್ಮಾ, ಏಳುವುದಾದರೆ ಏಳು. ಏಳುವುದಿಲ್ಲವೇ? ಹಾಗಾದರೆ ಮುಂದೆ ಕೇಳು.

ಯಂತ್ರ ಮನೆಗೆ ಬಂತು. ಪೆಟ್ಟಿಗೆಯಲ್ಲೇ ಉಳಿಯಿತು. ಚನವೀರಪ್ಪ ಪೆಟ್ಟಿಗೆ ತೆರೆಯುತ್ತಿದ್ದ, ಯಂತ್ರವನ್ನು ಒರೆಸುತ್ತಿದ್ದ, ಮುಚ್ಚಿಡುತ್ತಿದ್ದ. ಅಷ್ಟರಲ್ಲಿ ಸುಮಂಗಲಾ ಹೆತ್ತಳು. ಹೆಣ್ಣುಕೂಸು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕುವುದೆಂದು ಗೊತ್ತಾಯಿತು. ಹನ್ನೆರಡನೆಯ ದಿನದವರೆಗೂ ಅವನು ನಾಳೆ ಎನ್ನುತ್ತಲೇ ಇದ್ದ. ಹಳೆಯ ಚಾಳಿ ನೋಡು, ಹೋಗುವುದೇ ಇಲ್ಲ!

ಹನ್ನೆರಡನೆಯ ದಿನ ಬೆಳಿಗ್ಗೆ ಹಿತ್ತಿಲಲ್ಲಿ ತೊಟ್ಟಿಲನ್ನು ಮಗುಚಿ, ತಳದ ಹಲಗೆಯನ್ನು ಕಳಚಿ, ಯಂತ್ರ ಹಚ್ಚಿದ. ಶಬ್ದಕ್ಕೆ ಅವನೇ ಬೆಚ್ಚಿದ. ಆದರೂ ಯಂತ್ರ ವ್ಯಾಪಾರಿ ಹೇಳಿದಂತೆಯೇ ಸರಾಗವಾಗಿ ಓಡಿತು. ಎರಡು ಸಲ ಹೋಗಿ ಬಂದದ್ದಕ್ಕೇ ಹಲಗೆ ರೇಷ್ಮೆಯಂತಾಯಿತು. ಕೆಲಸ ಮುಗಿದಿತ್ತು, ತಮ್ಮಾ. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಈ ಕತೆ ಹೇಳಬೇಕಾಗಿರಲಿಲ್ಲ.

ಹಲಗೆಯ ನಡುವೆ ಒಂದು ಕಪ್ಪು ಗೆರೆ ಕಂಡಿತು. ಮರದ ಎಳೆಯೋ, ಸಿಬಿರೋ? ಅಂಗೈ ಆಡಿಸಿದ, ನುಣುಪಾಗಿತ್ತು. ಕೈ ನುಣುಪು ಎಂದಿತು, ಎದೆ ಒಪ್ಪಲಿಲ್ಲ. ಕೂಸಿನ ಬಾತ ಹಿಮ್ಮಡಿ ಕಣ್ಣ ಮುಂದೆ ಬಂತು. ಯಂತ್ರವನ್ನು ಆ ಗೆರೆಯ ಮೇಲೆ ಇಟ್ಟ. ನಿಲ್ಲಿಸಿದ. ಒತ್ತಿದ. ಎರಡೂ ಕೈಯಿಂದ, ಮೈಭಾರವೆಲ್ಲ ಬಿಟ್ಟು ಒತ್ತಿದ. ಪಟ್ಟಿ ಮರವನ್ನು ಮೇಯುತ್ತಾ ಹೋಯಿತು. ಯಂತ್ರ ಎತ್ತಿದಾಗ ಗೆರೆ ಇರಲಿಲ್ಲ. ಗೆರೆ ಇದ್ದ ಕಡೆ ಅಂಗೈ ಅಗಲದ ತಗ್ಗು ಬಿದ್ದಿತ್ತು. ಹಲಗೆಯನ್ನು ಬಿಸಿಲಿಗೆ ಹಿಡಿದರೆ ಆ ತಗ್ಗಿನಲ್ಲಿ ಬೆಳಕು ಕೆಂಪಗೆ ತೂರಿತು. ಹಪ್ಪಳದಷ್ಟು ಮರ ಉಳಿದಿತ್ತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ.

ಬಡಗಿ ನಾಲ್ಕು ಮನೆಯಾಚೆಗೇ ಇದ್ದ. ಹೋಗಿ ಹೇಳಿದ್ದರೆ ಸಂಜೆಯೊಳಗೆ ಹೊಸ ಹಲಗೆ ಕೂಡಿಸುತ್ತಿದ್ದ. ಹೆಂಡತಿಗೆ ಹೇಳಿದ್ದರೆ ತೊಟ್ಟಿಲು ಬೇಡ, ಈ ಸಲ ಸೀರೆಯ ಜೋಳಿಗೆ ಕಟ್ಟೋಣ ಎನ್ನುತ್ತಿದ್ದಳು. ಒಂದು ಮಾತಿನ ಕೆಲಸ. ಆದರೆ ಆಸ್ಪತ್ರೆಯ ಜಗಲಿಯ ಮಾತು ಅವನ ಕಿವಿಯಲ್ಲಿ ಎದ್ದು ಕೂತಿತು: ನಿಮ್ಮ ಕೈಯಾರೆ ಆತು. ಇನ್ನೊಮ್ಮೆ ಅದನ್ನು ಕೇಳಲು ಅವನಿಂದ ಆಗುತ್ತಿರಲಿಲ್ಲ. ಮರದ ಪುಡಿಗೆ ಅಂಟು ಕಲಸಿ ತಗ್ಗಿಗೆ ಮೆತ್ತಿದ. ಒಣಗಿಸಿ ಉಜ್ಜಿ ಎಣ್ಣೆ ಸವರಿದ. ಹಲಗೆಯನ್ನು ಸ್ವಸ್ಥಾನದಲ್ಲಿ ಕೂಡಿಸಿದ. ನೋಡಿದವರೆಲ್ಲ ಹೊಗಳಿದರು. “ಅಪ್ಪಾ, ಎಷ್ಟ್ ನುಣುಪಾಗೇದ!” ಎಂದು ಸುಮಂಗಲಾ ಅದರ ಮೇಲೆ ಕೆನ್ನೆ ಇಟ್ಟಳು. ಅವನು ಟ್ಯಾಂಕಿಗೆ ನೀರು ನೋಡುವ ನೆಪ ಮಾಡಿ ಎದ್ದು ಹೋದ.

ಹದಿಮೂರನೆಯ ದಿನ ಮನೆ ತುಂಬ ಹೆಂಗಸರು. ಅವರ ಕಡೆಯ ಒಂದು ಪದ್ಧತಿ ಹೇಳುತ್ತೇನೆ ಕೇಳು. ಕೂಸಿಗಿಂತ ಮೊದಲು ತೊಟ್ಟಿಲಿಗೆ ಒರಳಿನ ಗುಂಡುಕಲ್ಲನ್ನು ಹಾಕುತ್ತಾರೆ. ಕಲ್ಲನ್ನು ತೊಳೆದು, ಅರಿಸಿನ ಹಚ್ಚಿ, ಕೂಸಿನ ಟೊಪ್ಪಿಗೆ ಕುಲಾವಿ ಕಟ್ಟಿ ಮಲಗಿಸುತ್ತಾರೆ. ಕೂಸು ಕಲ್ಲಿನಂತೆ ಗಟ್ಟಿಯಾಗಿ ಬಾಳಲಿ ಎಂದು. ಕಲ್ಲು ಮೇಲೆ ಮಲಗಿರುವಾಗ ಕೂಸನ್ನು ತೊಟ್ಟಿಲ ಕೆಳಗಿನಿಂದ ಮೂರು ಸಲ ದಾಟಿಸುತ್ತಾರೆ. ತಾಯಿ ಈಚೆಯಿಂದ ಕೊಡುತ್ತಾಳೆ, ಸೋದರತ್ತೆ ಆಚೆಯಿಂದ ತೆಗೆದುಕೊಂಡು ಮೇಲಿನಿಂದ ತಿರುಗಿ ಕೊಡುತ್ತಾಳೆ. ಆಮೇಲೆ ಕಲ್ಲು ತೆಗೆದು, ಕೂಸನ್ನು ಮಲಗಿಸಿ, ಕಿವಿಯಲ್ಲಿ ಹೆಸರು ಕೂಗುತ್ತಾರೆ.

ಚನವೀರಪ್ಪನಿಗೆ ಈ ಪದ್ಧತಿ ಗೊತ್ತಿತ್ತು. ಹಿಂದಿನ ದಿನದಿಂದ ಅದನ್ನೇ ಹಿಡಿದುಕೊಂಡು ಜೀವ ಬಿಗಿಹಿಡಿದಿದ್ದ. ಕಲ್ಲು ಕೂಸಿಗಿಂತ ಭಾರ. ಕಲ್ಲು ನಿಂತರೆ ಕೂಸೂ ನಿಂತೀತು ಎಂಬುದು ಅವನ ಲೆಕ್ಕ. ಕೆಳಗಿನಿಂದ ದಾಟಿಸುವುದನ್ನು ಮಾತ್ರ ಅವನು ಮರೆತಿದ್ದ.

ಕಲ್ಲು ಮಲಗಿತು. ಹಲಗೆ ತಡೆಯಿತು. ಅವನು ಉಸಿರು ಬಿಟ್ಟ. ಹೆಂಗಸರು ಜೋಗುಳ ಎತ್ತಿದರು. ಆಗ ಸುಮಂಗಲಾ ಕೂಸನ್ನೆತ್ತಿಕೊಂಡು ತೊಟ್ಟಿಲ ಕೆಳಗೆ ಬಾಗಿದಳು.

ಕೆಳಗಿನಿಂದ ದಾಟಿಸುವುದು ಅವನಿಗೆ ಆಗ ನೆನಪಾಯಿತು. ಮೊದಲನೆಯ ಸಲ ಕೂಸು ದಾಟಿತು. ಬೇಡ ಎನ್ನಲು ಬಾಯಿ ತೆರೆದ. ಎದುರಿಗೆ ಹೆಂಡತಿ ನಿಂತಿದ್ದಳು, ನಗುತ್ತಿದ್ದಳು. ಬಾಯಿ ಮುಚ್ಚಿತು. ಎರಡನೆಯ ಸಲ ಕೂಸು ತೊಟ್ಟಿಲ ಕೆಳಗಿರುವಾಗ ಹಲಗೆಯಿಂದ ಚಿರ್ ಎಂಬ ಸಣ್ಣ ಸದ್ದು ಬಂತು. ಹಾಡಿನ ನಡುವೆ ಅದು ಯಾರಿಗೂ ಕೇಳಿಸಲಿಲ್ಲ. ಅವನೊಬ್ಬನಿಗೆ ಕೇಳಿಸಿತು. ಆಗಲೂ ಅವನು ಕೂಗಲಿಲ್ಲ. ಯಪ್ಪಾ, ಆಗಲೂ ಕೂಗಲಿಲ್ಲ! ಇನ್ನೊಂದೇ ಸಲ, ಇನ್ನೊಂದೇ ಸಲ ದೇವರೇ ಎಂದು ಕಣ್ಣು ಮುಚ್ಚಿ ಗೋಡೆಗೆ ಆತು ನಿಂತ.

ಮೂರನೆಯ ಸಲಕ್ಕೆ ಸುಮಂಗಲಾ ಬಾಗಿದಳು. ಸೋದರತ್ತೆ ಆಚೆಯಿಂದ ಕೈ ಚಾಚಿದಳು. ಅಷ್ಟರಲ್ಲಿ ಕೂಸಿನ ಕುಲಾವಿಯ ಲಾಡಿ ಬಿಚ್ಚಿತು. “ತಡೀರಿ ಅಕ್ಕಾ,” ಎಂದು ಸುಮಂಗಲಾ ಕೂಸನ್ನು ಎದೆಗೆ ಒತ್ತಿಕೊಂಡು ಲಾಡಿ ಕಟ್ಟತೊಡಗಿದಳು. ಗಂಟು ಬೀಳುವುದರೊಳಗೆ ಹಲಗೆ ಮುರಿಯಿತು. ಗುಂಡುಕಲ್ಲು ನೆಲಕ್ಕೆ ಬಿದ್ದು ಹಾಸಿದ ಫರಸಿಕಲ್ಲನ್ನು ಸೀಳಿತು. ಕೂಸು ದಾಟಬೇಕಾಗಿದ್ದ ಜಾಗದಲ್ಲೇ ಬಿತ್ತು.

ಹಾಡು ನಿಂತಿತು. ಕೂಸು ಮಾತ್ರ ಅಳುತ್ತಿತ್ತು. ಆಗ ಮುದುಕಿಯೊಬ್ಬಳು ಕೈ ಮುಗಿದು, “ಕಲ್ಲು ನಮ್ಮ ಕೂಸಿನ ಕಂಟಕ ತಗೊಂಡ ಹೋತವ್ವಾ!” ಎಂದಳು. ಎಲ್ಲರೂ ಹೌದೌದು ಎಂದರು. ಹಲಗೆ ಹಳೆಯದು, ಹುಳ ತಿಂದಿತ್ತು ಎಂದರು. ಇಂಥ ಪದ್ಧತಿ ಇಟ್ಟ ಹಿರಿಯರು ಎಷ್ಟು ಜಾಣರು ಎಂದರು. ಹೆಂಡತಿ ಅಳುತ್ತ ಗಂಡನತ್ತ ನೋಡಿದಳು. ಅವನು ಹೌದು, ಹುಳ ತಿಂದಿತ್ತು ಎಂದು ತಲೆಯಾಡಿಸಿದ.

ಆ ಕೂಸಿಗೆ ಈಗ ಏಳು ವರ್ಷ. ಯಂತ್ರ ಗಟ್ಟಿಮುಟ್ಟಾಗಿದೆ, ಓಣಿಯವರೆಲ್ಲ ಕೇಳಿ ಒಯ್ಯುತ್ತಾರೆ. ವ್ಯಾಪಾರಿ ಸುಳ್ಳು ಹೇಳಿರಲಿಲ್ಲ. ಮೊಮ್ಮಗಳು ಅಜ್ಜಾ ಎಂದು ಓಡಿ ಬಂದು ತೊಡೆ ಏರಿದಾಗಲೆಲ್ಲ ಆ ಅಜ್ಜನಿಗೆ ಚಿರ್ ಎಂಬ ಸದ್ದು ಕೇಳಿಸುತ್ತದಂತೆ. ಇದನ್ನು ಅವನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಇಲ್ಲಿ ಬಂದು, ನೀನು ಕೂತ ಜಾಗದಲ್ಲೇ ಕೂತು, ನನಗೆ ಹೇಳಿ ಹೋದ.

ಗುರುಗಳು ಕತೆ ಮುಗಿಸಿದರು. ಬಿಸಿಲು ಇಳಿದಿತ್ತು. ಅಟ್ಟ ಹತ್ತುವ ಹೊತ್ತಾಗಿತ್ತು. ಅವರು ಕನ್ನಡಕ ಏರಿಸಿಕೊಂಡು ಎದ್ದು ಏಣಿಯತ್ತ ನಡೆದರು. ಮುರಿಗೆಯ್ಯನೂ ಎದ್ದ. ಶಲ್ಯದೊಳಗೆ ಬೆರಳುಗಳು ಒಂದರ ಉಗುರನ್ನು ಒಂದು ಕೆರೆಯುತ್ತಿದ್ದವು.

ಗುರುಗಳು ಬಲಗಾಲನ್ನು ಮೊದಲ ಮೆಟ್ಟಿಲ ಮೇಲಿಟ್ಟು, ತಿರುಗಿ ಕೇಳಿದರು:

“ಅಂಟು ಮೆತ್ತಿದ್ದು ಎಷ್ಟನೆಯ ಮೆಟ್ಟಿಲಿಗೆ, ತಮ್ಮಾ?”