ಗಂಟೆ ದುಡ್ಡು

ಒಂದಾನೊಂದು ಊರು, ಊರಿಗೊಬ್ಬ ರಾಜ, ರಾಜನಿಗೊಂದು ಹುಚ್ಚು. ಹಳೇ ತಾಮ್ರದ ದುಡ್ಡು ಕೂಡಿಡುವ ಹುಚ್ಚಂತೆ. ಅಜ್ಜನ ಕಾಲದ್ದು, ಮುತ್ತಜ್ಜನ ಕಾಲದ್ದು, ಏಳು ತಲೆಯ ದುಡ್ಡೂ ಅವನ ಪೆಟ್ಟಿಗೆಯಲ್ಲಿತ್ತು. ಇಲ್ಲದ್ದು ಒಂದೇ, ಗಂಟೆ ದುಡ್ಡು. ನೂರು ವರ್ಷದ ಹಿಂದೆ ತಾಮ್ರಕ್ಕೆ ಬರ ಬಂದು, ಗುಡಿಯ ಗಂಟೆಗಳನ್ನೇ ಕರಗಿಸಿ ಒಂದು ವರ್ಷ ಮಾತ್ರ ಹೊಡೆಸಿದ ದುಡ್ಡು ಅದು. ಎಂಟು ಪಾಲು ತಾಮ್ರ, ಎರಡು ಪಾಲು ತವರ. ಕಲ್ಲಿಗೆ ಹಾಕಿದರೆ ಬೇರೆ ದುಡ್ಡು ಠಪ್ ಅನ್ನುತ್ತಿತ್ತು, ಇದು ಠಣ್ ಅನ್ನುತ್ತಿತ್ತಂತೆ.

ಅದೇ ಊರಲ್ಲಿ ಕಾಳಮ್ಮ ಅಂತ ಒಬ್ಬಳು. ಗಂಡ ಸಿದ್ಧಾಚಾರಿ, ಕಂಚು ಎರಕ ಹೊಯ್ಯುವವ. ಕೈ ಬಿಗಿ, ಬಾಯಿ ಸಡಿಲ. ಒಂದು ದಿನ ಅರಮನೆಗೆ ತಂಬಿಗೆ ಕೊಡಲು ಹೋದವನು ರಾಜನ ದುಡ್ಡಿನ ಪೆಟ್ಟಿಗೆ ನೋಡಿ, ಕರಗಿಸುವ ಮೂಸೆಗೆ ಬಿದ್ದರೆ ಹಳೇದೂ ಒಂದೇ, ಹೊಸದೂ ಒಂದೇ, ಲೋಹಕ್ಕೆಲ್ಲಿಯ ವಯಸ್ಸು ಅಂದುಬಿಟ್ಟ. ರಾಜ ಅವನನ್ನು ಸೆರೆಗೆ ಹಾಕಿಸಿದ. ಗಂಟೆ ದುಡ್ಡು ಸಿಕ್ಕಿದ ದಿನ ಬಿಡುಗಡೆ, ಅಲ್ಲಿಯವರೆಗೆ ಸರಳು ನೋಡುತ್ತ ಕೂತಿರು, ಲೋಹಕ್ಕೆ ಹೇಗೆ ವಯಸ್ಸಾಗುತ್ತದೆ ಅಂತ ತಿಳಿಯುತ್ತದೆ ಅಂದನಂತೆ.

ಕಾಳಮ್ಮ ಅತ್ತಳು, ಒಂದು ದಿನ. ಹರಕೆ ಹೊತ್ತಳು, ಎರಡು ದಿನ. ಮೂರನೆಯ ದಿನ ಬಚ್ಚಲಲ್ಲಿ ನೀರು ತೋಡುವಾಗ ಹಂಡೆಯ ಅಡಿ ನೋಡಿದಳು. ಹಂಡೆ ಅಲುಗದಿರಲಿ ಅಂತ ಗಂಡನ ಮುತ್ತಜ್ಜ ಅದರಡಿಗೆ ಒತ್ತು ಕೊಟ್ಟಿದ್ದ ದುಡ್ಡೊಂದು ಹಸಿರುಗಟ್ಟಿ ಕೂತಿತ್ತು. ತೆಗೆದು ಕಲ್ಲಿಗೆ ಹಾಕಿದಳು. ಠಣ್ ಅಂತು.

ಆಚಾರಿಗಳ ಮನೆಯ ಹೆಂಗಸು ಕಿಲುಬು ಹಿಡಿದದ್ದನ್ನು ಹೊಸಿಲು ದಾಟಿಸುತ್ತಾಳೆಯೇ? ಅದೂ ರಾಜನ ಕೈಗೆ? ಹುಣಸೆಹುಳಿ ಹಚ್ಚಿದಳು, ಬೂದಿ ಹಾಕಿದಳು, ಇಡೀ ಬೆಳಗು ತಿಕ್ಕಿದಳು. ದುಡ್ಡು ಮದುವೆ ಮನೆಯ ದೀಪದ ಹಾಗೆ ಫಳಫಳ ಅಂತು. ವೀಳ್ಯದೆಲೆಯ ಮೇಲಿಟ್ಟುಕೊಂಡು ಅರಮನೆಗೆ ಹೋದಳು.

ರಾಜ ನೋಡಿದ, ತಲೆಯ ಮೇಲೆ ಕೈ ಹೊತ್ತ. ನಾಣ್ಯ ನೋಡುವ ಚಿನಿವಾರ ಬಂದ, ಕಲ್ಲಿಗೆ ಹಾಕಿದ, ತೂಗಿದ. ದುಡ್ಡೇನೋ ಅದೇ, ತೊಳೆಯದಿದ್ದರೆ ನೂರು ವರಹ ಬಾಳುತ್ತಿತ್ತು, ಈಗ ಒಂದು ದುಡ್ಡಿಗೆ ಒಂದೇ ದುಡ್ಡಿನ ಬೆಲೆ ಅಂದ. ಇದನ್ನು ಒಪ್ಪುವುದಿಲ್ಲ, ಬಿಡುಗಡೆಯೂ ಇಲ್ಲ ಅಂದ ರಾಜ.

ಕಾಳಮ್ಮ ಸೆರಗು ಬಿಗಿದುಕೊಂಡು ಚಿನಿವಾರನ ಕಡೆ ತಿರುಗಿದಳು.

"ತೂಕ ಇಳಿದಿದೆಯಾ, ಅಣ್ಣಾ?"

"ಇಲ್ಲ, ತಾಯಿ."

"ತಾಮ್ರ ಹೋಯಿತಾ? ತವರ?"

"ಎರಡೂ ಇವೆ."

"ಮತ್ತೆ ಹೋದದ್ದೇನು?"

ಚಿನಿವಾರ ರಾಜನ ಮುಖ ನೋಡಿದ, ನೆಲ ನೋಡಿದ. "ಕಿಲುಬು," ಅಂದ.

"ಹಾಗಿದ್ದರೆ ನಮ್ಮನೆಯವರು ಅಂದದ್ದರಲ್ಲಿ ತಪ್ಪೇನು, ಬುದ್ಧಿ? ಲೋಹಕ್ಕೆ ವಯಸ್ಸಿಲ್ಲ, ವಯಸ್ಸೆಲ್ಲ ಕಿಲುಬಿಗೆ. ತಮಗೆ ಅದೇ ಬೇಕಿದ್ದರೆ ತೊಳೆದ ನೀರನ್ನು ಬಸಳೆ ಬುಡಕ್ಕೆ ಹಾಕಿದ್ದೇನೆ. ಮಣ್ಣು ಬಗೆದು ತರುತ್ತೇನೆ."

ಸಭೆಗೆ ಸಭೆಯೇ ಕೆಮ್ಮತೊಡಗಿತು. ಕೆಮ್ಮು ನಗೆಯಾಗುವ ಮೊದಲೇ ರಾಜ ದುಡ್ಡನ್ನು ಚಿನಿವಾರನ ಮಡಿಲಿಗೆ ಎಸೆದು, ಆ ಬಾಯಿಬಡುಕನನ್ನು ಬಿಟ್ಟುಬಿಡಿ ಅಂದನಂತೆ.

ಸಿದ್ಧಾಚಾರಿ ಮನೆಗೆ ಬಂದ, ಸ್ನಾನಕ್ಕಿಳಿದ, ಹಂಡೆ ಅಲುಗಿತು. ಕಾಳಮ್ಮ ಎಲ್ಲ ಹೇಳಿದಳು. ಅವನು ನಕ್ಕ.

"ಲೇ ಕಾಳಿ, ಏಳು ದಿನ ಹುಳಿಮಜ್ಜಿಗೆಯ ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರೆ ಕಿಲುಬು ಹಿಡಿದು ನೂರು ವರ್ಷ ತಿರುಗಿ ಬರುತ್ತಿತ್ತಲ್ಲೇ."

ಸಡಿಲ ಬಾಯಿಯವನು, ಇದನ್ನೇ ಸಂತೆಯಲ್ಲೂ ಹೇಳಿದ. ಮರುದಿನ ಚಿನಿವಾರ ಅವರ ಮನೆಯ ಹಿತ್ತಿಲ ಬಾಗಿಲಿಂದ ಬಂದ, ಅಂಗವಸ್ತ್ರದಲ್ಲೇನೋ ಸುತ್ತಿಕೊಂಡು. ಎಂಟು ದಿನ ಕಳೆದ ಮೇಲೆ, ದೂರದೇಶದಿಂದ ಅಸಲಿ ಗಂಟೆ ದುಡ್ಡು ಬಂತೆಂದು ಊರೆಲ್ಲ ಡಂಗುರ. ರಾಜ ಅದನ್ನು ಕಣ್ಣಿಗೊತ್ತಿಕೊಂಡು ಚಿನಿವಾರನಿಗೆ ನೂರು ವರಹ ಕೊಟ್ಟನಂತೆ. ಅದರಲ್ಲಿ ಐವತ್ತು ಹಿತ್ತಿಲ ಬಾಗಿಲಿಗೆ ಬಂದವು.

ಹಂಡೆ ಮಾತ್ರ ಅಲುಗುತ್ತಲೇ ಇತ್ತು. ಕಾಳಮ್ಮ ಅದರಡಿಗೆ ಒಂದು ಚಿನ್ನದ ವರಹ ಕೊಟ್ಟು ನೋಡಿದಳು. ಒತ್ತಿಗೆ ಅದು ತೆಳ್ಳಗಾಯಿತಂತೆ.

ಅವರ ಹಂಡೆ ಅಲ್ಲಿ ಅಲುಗುತ್ತಿರಲಿ, ನಮ್ಮ ಕತೆ ಇಲ್ಲಿ ನಿಲ್ಲಲಿ.