ಸುತ್ತುದಾರಿಯ ಹಕ್ಕಿ

ಹೊಳೆದಂಡೆಯ ಆಶ್ರಮವೊಂದರಲ್ಲಿ ವಿಮಲಬೋಧರೆಂಬ ಗುರುಗಳಿದ್ದರು. ಮುಪ್ಪಿನಲ್ಲಿ ಕಣ್ಣು ಪೂರ್ತಿ ಹೋಗಿತ್ತು. ಜೊತೆಗೆ ಶ್ರೀಕರನೆಂಬ ಶಿಷ್ಯನೊಬ್ಬನೇ ಇದ್ದ.

ಇರುಳಾದರೆ ಎಲ್ಲಿಂದಲೋ ಒಂದು ಹಕ್ಕಿ ಕೂಗುತ್ತಿತ್ತು. ಆ ಸೀಮೆಯಲ್ಲಿ ಅದನ್ನು ಕೇಳಿದವರೇ ಕಡಿಮೆ, ಕಂಡವರಂತೂ ಇಲ್ಲ. ಅದು ಕೂಗಿದಾಗ ಗುರುಗಳ ಮುಖ ಅರಳುತ್ತಿತ್ತು. ಅವರಿಗೆ ಉಳಿದಿದ್ದ ಸುಖ ಅದೊಂದೇ.

ಒಂದು ರಾತ್ರಿ ಶ್ರೀಕರ ಅವರ ಪಕ್ಕ ಬಂದು ಕೂತ.

"ಅದನ್ನು ಹುಡುಕಿ, ಹೇಗಿದೆ ಅಂತ ನಿಮಗೆ ಹೇಳುತ್ತೇನೆ, ಗುರುಗಳೇ."

"ಕಂಡಾಗ ಹೇಳು," ಎಂದರು ಅವರು.

ಅಂದಿನಿಂದ ಅವನಿಗೆ ಕಾಡೇ ಮನೆಯಾಯಿತು. ಪಂಜು ಹಿಡಿದು ಅಲೆದ, ಮರ ಹತ್ತಿದ, ಪೊಟರೆಗಳಲ್ಲಿ ಇಣುಕಿದ. ಬೆಳಗಿನ ಜಾವ ಮೈಯೆಲ್ಲ ತರಚಿಸಿಕೊಂಡು ಬರುತ್ತಿದ್ದ. ಪಾಪ, ಎಲ್ಲ ಗುರುಗಳಿಗಾಗಿಯೇ. ಹಕ್ಕಿ ಮಾತ್ರ ಸಿಗಲಿಲ್ಲ.

ಗುರುಗಳದೊಂದು ರೂಢಿ. ಸಂಜೆ ಹೊಳೆಗೆ ಕೋಲೂರಿಕೊಂಡು ಸುತ್ತುದಾರಿಯಲ್ಲೇ ಹೋಗುವರು. ನೇರ ಹೋದರೆ ಹೊಳೆ ಕೂಗಳತೆಯಲ್ಲಿತ್ತು, ಆದರೆ ಆ ಜಾಗದ ತುಂಬ ಒಣಗಿದ ಎಲೆ. ಗುಡಿಸುವ ಮಾತೆತ್ತಿದಾಗಲೆಲ್ಲ "ಇರಲಿ ಬಿಡು" ಎಂದುಬಿಡುತ್ತಿದ್ದರು. ತನಗೆ ತೊಂದರೆ ಬೇಡವೆಂದು ಹಾಗನ್ನುತ್ತಾರೆ ಎಂದೇ ಶ್ರೀಕರ ತಿಳಿದಿದ್ದ.

ಒಂದು ಸಂಜೆ ಗುರುಗಳು ಸುತ್ತುದಾರಿಯಲ್ಲಿ ಎಡವಿ ಬಿದ್ದರು. ಶಿಷ್ಯನಿಗೆ ತಡೆಯಲಾಗಲಿಲ್ಲ. ಮರುದಿನ ಅವರು ಧ್ಯಾನಕ್ಕೆ ಕೂತಾಗ ಪೊರಕೆ ಹಿಡಿದು ಎಲೆಯನ್ನೆಲ್ಲ ಗುಡಿಸಿ ರಾಶಿ ಹಾಕಿದ. ಗುಡಿಸುವ ನಡುವೆ ಎಲೆಯ ಬಣ್ಣದ್ದೇ ಏನೋ ಒಂದು ಪಟಪಟನೆ ಎದ್ದು ಹಾರಿಹೋಗಿತ್ತು. ರಾಶಿ ಕೆದಕಿದರೆ ಒಡೆದ ಮೊಟ್ಟೆಗಳು.

ಅವನು ಗುರುಗಳ ಕಾಲಿಗೆ ಬಿದ್ದು ಅತ್ತ. ನಡೆದದ್ದನ್ನೆಲ್ಲ ಹೇಳಿದ.

"ಆ ಕೂಗುವ ಹಕ್ಕಿ ಅಲ್ಲಿರುವುದು ನಿಮಗೆ ಗೊತ್ತಿತ್ತೇ?"

"ಮುಸ್ಸಂಜೆ ಎಲೆಯಿಂದ ಏಳುವ ಸದ್ದು ಕೇಳುತ್ತಿತ್ತು."

"ಮತ್ತೆ ನನಗೇಕೆ ಹೇಳಲಿಲ್ಲ?"

"ಹೇಳಿದ್ದರೆ, ಹೋಗಿ ನೋಡದೆ ಇರುತ್ತಿದ್ದೆಯಾ?"

ಗುರುಗಳು ಬೈಯಲಿಲ್ಲ. ತಡವರಿಸುತ್ತ ಹೋಗಿ ರಾಶಿಯ ಪಕ್ಕ ಮಂಡಿಯೂರಿದರು. ಬೊಗಸೆ ಬೊಗಸೆ ಎಲೆ ತೆಗೆದು ಮತ್ತೆ ನೆಲಕ್ಕೆ ಹರಡತೊಡಗಿದರು. ಶಿಷ್ಯನೂ ಕೂತು ಹರಡಿದ.

ಆ ಇರುಳು ಕೂಗು ಕೇಳಲಿಲ್ಲ. ಮಳೆಗಾಲ ಕಳೆಯಿತು, ಚಳಿಯೂ ಕಳೆಯಿತು. ಗುರುಗಳು ದಿನವೂ ಜಗಲಿಯಲ್ಲಿ ಕೂತು ಕಿವಿಗೊಟ್ಟು, ಕೊನೆಗೆ ಸುಮ್ಮನೆ ಎದ್ದು ಹೋಗಿ ಮಲಗುತ್ತಿದ್ದರು. ಅದನ್ನು ನೋಡುವುದೇ ಶ್ರೀಕರನಿಗೆ ನರಕವಾಗಿತ್ತು.

ಬೇಸಿಗೆ ಕಾಲಿಡುವಾಗ ಒಂದು ರಾತ್ರಿ ಹಕ್ಕಿ ಕೂಗಿತು. ತೀರ ಹತ್ತಿರದಲ್ಲೇ. ಶ್ರೀಕರ ದಡಬಡಿಸಿ ಎದ್ದ, ಕೈ ಪಂಜಿನತ್ತ ಹೋಯಿತು. ಹಾಗೇ ಸ್ವಲ್ಪ ಹೊತ್ತು ನಿಂತು, ಮತ್ತೆ ಚಾಪೆಯ ಮೇಲೆ ಕೂತ.

ಬೆಳಗ್ಗೆ ಹೊಳೆಯಿಂದ ನೀರು ತರುವಾಗ ಅವನಿಗೆ ಬಹಳ ತಡವಾಯಿತು.

"ಯಾಕಪ್ಪಾ ಇಷ್ಟು ಹೊತ್ತು?" ಗುರುಗಳು ಕೇಳಿದರು.

"ಸುತ್ತುದಾರಿಯಿಂದಲೂ ಆ ಎಲೆಯ ಜಾಗ ಕಾಣುತ್ತದೆ, ಗುರುಗಳೇ. ಅದಕ್ಕೇ ಇನ್ನೂ ಆಚೆಯಿಂದ ಬಳಸಿ ಬಂದೆ."

ಗುರುಗಳು ಕೈಚಾಚಿ ಅವನ ಹೆಗಲು ಹುಡುಕಿದರು.

"ಕಂಡಾಗ ಹೇಳು ಅಂದಿದ್ದೆನಲ್ಲ, ಈಗ ಹೇಳು ಮಗೂ. ಹಕ್ಕಿ ಹೇಗಿದೆ?"