ಒಂಬೈನೂರು ತಲೆಗಳ ಚರಿತ್ರೆ

"ಒಂದೇ ಹಗಲಿನಲ್ಲಿ ಒಂಬೈನೂರು ಸ್ಯಾಕ್ಸನ್ನರು! ಎಲ್ಲರೂ ನನ್ನ ಈ ಕೈಯಿಂದಲೇ ಸತ್ತರು ಅಂತ ಬರೆ!" ದೊರೆ ಮೇರಿಗ್ ಮೇಜು ಗುದ್ದಿದ.

ವೇಲ್ಸ್ ನಾಡಿನ ಒಂದು ಮೂಲೆಗೆ ಅವನು ದೊರೆ. ಎದುರಿಗೆ ನಿಂತಿದ್ದವನು ಗುರ್ಗನ್ ಎಂಬ ಮುದಿ ಸನ್ಯಾಸಿ. ಹರಿದ ಹಾಳೆ, ಗೋರಿಕಲ್ಲಿನ ಬರಹ, ಮುದುಕರ ಬಾಯಿಮಾತು, ಸಿಕ್ಕಿದ್ದನ್ನೆಲ್ಲ ಗುಡ್ಡೆಹಾಕಿಕೊಂಡು ತನ್ನ ಜನರಾದ ಬ್ರಿಟನ್ನರ ಚರಿತ್ರೆ ಬರೆಯುತ್ತಿದ್ದ. ಸ್ಯಾಕ್ಸನ್ನರೆಂದರೆ ಕಡಲು ದಾಟಿ ಬಂದು ಆ ಬ್ರಿಟನ್ನರ ನೆಲ ನುಂಗುತ್ತಿದ್ದ ವೈರಿಗಳು. ಕಾಳಗದ ದಿನ ದೊರೆ ಜೊಂಡಿನ ಮರೆಯಲ್ಲಿ, ಕುತ್ತಿಗೆಮಟ್ಟ ಕೆಸರಿನಲ್ಲಿ ಕೂತಿದ್ದದ್ದು ದನ ಕಾಯುವವರಿಗೂ ಗೊತ್ತಿತ್ತು.

"ಬರೆಯದಿದ್ದರೆ, ದೊರೆ?"

"ಬರೆಯುವ ಕೈ ಇರುವುದಿಲ್ಲ."

ಗುರ್ಗನ್ ಮಸಿ ಹತ್ತಿದ ಬೆರಳುಗಳನ್ನು ನೋಡಿಕೊಂಡ. ಕಣ್ಣು ಪೂರ್ತಿ ಮಂಜಾಗುವ ಮುಂಚೆ ಪುಸ್ತಕ ಮುಗಿಯಬೇಕಿತ್ತು. ಈ ಕೊಬ್ಬಿದ ಹೇಡಿಗಾಗಿ ಕೈ ಕಳೆದುಕೊಳ್ಳುವುದೇ? ಸುಳ್ಳು ಬರೆಯುವುದೇ? ಎರಡೂ ದಂಡ.

"ಒಂಬೈನೂರೇ ತಾನೆ? ಆಮೇಲೆ ಹೆಚ್ಚುಕಡಿಮೆ ಮಾಡಬಾರದು."

"ಒಂದು ತಲೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನನ್ನಾಣೆ!"

ಮರುದಿನ ಮಧ್ಯಾಹ್ನ ಔತಣ. ನಾಲ್ವರು ಸರದಾರರು ಮಾಂಸ ಜಗಿಯುತ್ತಿದ್ದಾಗ ಗುರ್ಗನ್ ಎದ್ದು ಗಟ್ಟಿಯಾಗಿ ಓದಿದ: "ದೊರೆ ಒಬ್ಬನೇ ಒಂಬೈನೂರು ಮಂದಿಯನ್ನು ಕೊಂದ. ಸರದಾರರು ಸುಮ್ಮನೆ ನೋಡುತ್ತ ನಿಂತಿದ್ದರು."

"ಏನಂದೆ?" ಸರದಾರ ಇಡ್ವಾಲ್ ಎಲುಬು ಎಸೆದ. "ನಾನೊಬ್ಬನೇ ನೂರು ಜನರನ್ನು ಕಡಿದೆ ಕಣಯ್ಯಾ!"

"ನೂರಂತೆ! ನನ್ನದು ಇನ್ನೂರು," ಎಂದ ಎರಡನೆಯವನು.

"ಇವನದು ಇನ್ನೂರಾದರೆ ನನ್ನದು ಮುನ್ನೂರು!"

"ನನಗೂ ಮುನ್ನೂರು ಬರಕೋ!" ಎಂದು ನಾಲ್ಕನೆಯವನು ಕತ್ತಿಯ ಹಿಡಿಗೆ ಕೈ ಹಾಕಿದ. ಕೊಚ್ಚಿಕೊಳ್ಳುವುದರಲ್ಲಿ ದೊರೆಗೆ ತಕ್ಕ ಸರದಾರರು.

"ಬರೆಯಲೇ, ದೊರೆ?"

ದೊರೆ ನಾಲ್ಕು ಕತ್ತಿಗಳನ್ನು ನೋಡಿದ. "ಬರೆ, ಬರೆ. ಅವರದ್ದೂ ಬರೆ."

ಗುರ್ಗನ್ ನಿಧಾನವಾಗಿ ಬರೆದು, ಬೆರಳು ಮಡಿಚಿ ಕೂಡಿದ. "ಒಂಬೈನೂರೂ ಮುಗಿದುಹೋದರು ದೊರೆ. ತಮ್ಮ ಪಾಲಿಗೆ ಒಬ್ಬನೂ ಉಳಿಯಲಿಲ್ಲ. ಹೆಚ್ಚಿಗೆ ಸೇರಿಸೋಣವೆಂದರೆ ತಮ್ಮ ಆಣೆ ಅಡ್ಡ."

ದೊರೆಯ ಪಕ್ಕ ಕೂತಿದ್ದ ರಾಣಿ ನಗು ತಡೆಯಲಾರದೆ ಮೇಲುಹೊದಿಕೆಯ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಹಾಗಾದರೆ ನನ್ನ ಬಗ್ಗೆ ಏನು ಬರೀತೀಯೋ?" ದೊರೆ ಕಿರುಚಿದ. "ಹೊಗಳಿಕೆ ಇರಬೇಕು! ಇಲ್ಲವೋ, ಕೈ ಇಲ್ಲಿಡು!"

"ಬರೆದಾಯಿತಲ್ಲ! 'ಅಷ್ಟು ದೊಡ್ಡ ಕಾಳಗದಲ್ಲಿ ನಮ್ಮ ದೊರೆಯ ಕತ್ತಿಯಿಂದ ಒಂದು ಜೀವಕ್ಕೂ ನೋವಾಗಲಿಲ್ಲ.' ಸನ್ಯಾಸಿಯಾದ ನನಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಗೊತ್ತಿಲ್ಲ, ದೊರೆ."